'ಕೊಚಿನ್ ಮೂನ್' ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಹಳೆಯ ಜಪಾನಿ 'ಸಿಟಿ ಪಾಪ್' ಹಾಡುಗಳಿಗೆ ಇಂದಿನ ಹುಡುಗರು ಮನಸೋತಿರುವ ಬಗ್ಗೆ ಭಾನುವಾರದ ಪುರವಣಿಯಲ್ಲಿ ಓದಿದೆ. ಮಾರಿಯಾ ತಕೆಉಚಿ ಅವರ 1984ರ ಹಾಡು 'ಪ್ಲಾಸ್ಟಿಕ್ ಲವ್' ಯೂಟ್ಯೂಬಿನಲ್ಲಿ ಮರುಹುಟ್ಟು ಪಡೆದ ಕಥೆ ಚೆನ್ನಾಗಿತ್ತು. ಆದರೆ ಅದೇ ಬಳಗದವರೊಬ್ಬರು ನಮ್ಮ ಕರಾವಳಿಯ ಕೆಳಗಿನ ಕೊಚ್ಚಿಯ ಹೆಸರಿಟ್ಟು ಮಾಡಿದ ಆಲ್ಬಂ ಬಗ್ಗೆ ಒಂದು ಸಾಲೂ ಇರಲಿಲ್ಲವಲ್ಲ ಎಂದು ಬೇಸರವಾಯಿತು.

ಅವರು ಜಪಾನಿನ ಸಂಗೀತಗಾರ ಹರುಓಮಿ ಹೊಸೊನೊ. 1978ರಲ್ಲಿ ತತ್ಸುರೊ ಯಮಶಿತ (ತಕೆಉಚಿ ಅವರ ಪತಿ), ಶಿಗೆರು ಸುಝುಕಿ ಅವರೊಂದಿಗೆ ದಕ್ಷಿಣ ಸಮುದ್ರದ ದ್ವೀಪಗಳನ್ನು ನೆನೆಯುವ 'ಪೆಸಿಫಿಕ್' ಆಲ್ಬಂ ಮಾಡಿದರು. ಅದೇ ವರ್ಷ, ಚಿತ್ರಕಲಾವಿದ ತದನೊರಿ ಯೊಕೊಒ ಜೊತೆ ಭಾರತ ಸುತ್ತಿ ಹೋದ ಮೇಲೆ ಬಂದದ್ದು 'ಕೊಚಿನ್ ಮೂನ್'. ಇಲ್ಲಿನ ಸದ್ದುಗಳನ್ನೇ ಧ್ವನಿಮುದ್ರಿಸಿಕೊಳ್ಳುವುದು ಮೊದಲಿನ ಯೋಚನೆ. ಆದರೆ ಹೊಸೊನೊ ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದರು. ಕೊನೆಗೆ ಎಲ್ಲವೂ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದಲ್ಲಿ ಮೂಡಿತು. ರ‍್ಯೂಇಚಿ ಸಕಮೊತೊ, ಹಿದೆಕಿ ಮತ್ಸುತಾಕೆ ಕೈಜೋಡಿಸಿದರು. 2018ರಲ್ಲಿ ಅಮೆರಿಕದ 'ಲೈಟ್ ಇನ್ ದಿ ಅಟಿಕ್' ರೆಕಾರ್ಡ್ ಕಂಪನಿ ಇದನ್ನು ಮತ್ತೆ ಹೊರತಂದಿತು.

ಮೊಮ್ಮಗಳು ಮೊಬೈಲಿನಲ್ಲಿ ಕೇಳಿಸಿದಾಗ ನಾನು ಹಾಡುಗಳ ಹೆಸರು ನೋಡಿಯೇ ಎದ್ದು ಕುಳಿತೆ. ರೆಕಾರ್ಡಿನ ಮೊದಲ ಬದಿ ಪೂರ್ತಿ 'ಮಲಬಾರ್ ಹೋಟೆಲ್': ನೆಲಮಹಡಿ, ಮೇಲ್ಮಹಡಿ, ತಾರಸಿ ತೋಟ. 1979ರಲ್ಲಿ ಬ್ಯಾಂಕಿನವರು ನನ್ನನ್ನು ಎರ್ನಾಕುಲಂಗೆ ಹಾಕಿದ್ದರು. ರಜೆಯ ದಿನ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಬೋಟ್ ಹತ್ತಿದರೆ ವಿಲ್ಲಿಂಗ್ಡನ್ ದ್ವೀಪದ ತುದಿಯಲ್ಲಿ ಆ ಹೋಟೆಲ್ ಕಾಣುತ್ತಿತ್ತು. ಒಳಗೆ ಕಾಲಿಟ್ಟವನಲ್ಲ.

ಇನ್ನೊಂದು ಬದಿಯ ಮೊದಲ ತುಣುಕಿನ ಹೆಸರು 'ಹೆಪಟೈಟಿಸ್', ಅಂದರೆ ಯಕೃತ್ತಿನ ಉರಿಯೂತ. ಆ ಮಳೆಗಾಲ ನನಗೂ ಕಾಮಾಲೆಯಾಗಿತ್ತು. ಲಾಡ್ಜಿನ ಕೋಣೆಯಲ್ಲಿ ಮೂರು ವಾರ ನೆಲನೆಲ್ಲಿ ಅರೆದ ಮಜ್ಜಿಗೆ, ಉಪ್ಪಿಲ್ಲದ ಗಂಜಿ. ಕಣ್ಣು ಮುಚ್ಚಿದರೆ ತಲೆಯೊಳಗೆ ಏನೋ ಗುಳುಗುಳು. ಹೆಚ್ಚುಕಡಿಮೆ ಅದೇ ಸದ್ದನ್ನು ನಾಲ್ಕು ದಶಕ ಕಳೆದು ಕೇಳಿದೆ. ನಮ್ಮ ಕಡೆಗೆ ಬಂದು ಹೋದವರು ತೆಂಗು, ಹಿನ್ನೀರು, ಸೂರ್ಯಾಸ್ತದ ಬಗ್ಗೆ ಬರೆಯುತ್ತಾರೆ. ಜ್ವರವನ್ನೂ ಜೊತೆಗೆ ಒಯ್ದು, ಬೈಯದೆ ಸಂಗೀತ ಮಾಡಿದವರು ಇವರು. ಅದಕ್ಕೇ ನನಗೆ ಇವರ ಮೇಲೆ ಪ್ರೀತಿ.

ಸಿಟಿ ಪಾಪಿನ ಇಂಪು ಇದರಲ್ಲಿಲ್ಲ, ನಿಜ. ಓದುವಾಗ ಹಿನ್ನೆಲೆಯಲ್ಲಿ ಹಾಕಿಕೊಳ್ಳುವಂಥದ್ದೂ ಅಲ್ಲ. ಮುಂದಿನ ಕಂತು ಬರೆಯುವ ಮುನ್ನ ಲೇಖಕರು ರಾತ್ರಿ ದೀಪ ಆರಿಸಿ ಮೊದಲ ಬದಿಯನ್ನಾದರೂ ಒಮ್ಮೆ ಕೇಳಲಿ ಎಂದು ವಿನಂತಿ.

– ನಿವೃತ್ತ ಬ್ಯಾಂಕ್ ನೌಕರ, ಕದ್ರಿ, ಮಂಗಳೂರು