ಲಾಭದ ಹಕ್ಕು, ನಷ್ಟದ ಹೊಣೆ

ಮಾನ್ಯ ಸಂಪಾದಕರೇ,

ಬಂಡವಾಳಶಾಹಿ ವ್ಯವಸ್ಥೆಯಲ್ಲಿ ಲಾಭ ಗಳಿಸುವುದು ನೈತಿಕವೇ ಎಂಬ ಚರ್ಚೆ ಎದ್ದಾಗಲೆಲ್ಲ ಅದು ಬಹುಬೇಗ ಉದ್ಯಮಿಯ ಮನಸ್ಸಿನ ವಿಚಾರಣೆಯಾಗಿ ಮಾರ್ಪಡುತ್ತದೆ. ಒಬ್ಬರ ಕಣ್ಣಿಗೆ ಅವನು ದುರಾಸೆಯ ಮನುಷ್ಯ, ಇನ್ನೊಬ್ಬರ ಕಣ್ಣಿಗೆ ಅನ್ನದಾತ. ಮನಸ್ಸನ್ನು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲದ ಕಾರಣ ಆ ವಾದ ಬಗೆಹರಿಯುವುದಿಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ, ಉತ್ತರವೂ ದೊರೆಯಬಹುದಾದ ಪ್ರಶ್ನೆಯೊಂದಿದೆ: ಉದ್ಯಮ ಸೋತರೆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ? ನಷ್ಟಕ್ಕೆ ತಲೆಯೊಡ್ಡಿದವನಿಗೆ ಲಾಭದ ಮೇಲೆ ನ್ಯಾಯವಾದ ಹಕ್ಕಿದೆ. ನಷ್ಟವನ್ನು ಮಂದಿಯ ತಲೆಗೆ ಕಟ್ಟಿ ಲಾಭವನ್ನು ಮಾತ್ರ ಇಟ್ಟುಕೊಂಡವನಿಗೆ ಆ ಹಕ್ಕಿಲ್ಲ ಎಂಬುದು ನನ್ನ ದೃಢವಾದ ನಿಲುವು.

ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ಈ ವಿಷಯದ ಬುಡಕ್ಕೆ ಕೈಹಾಕಿದ್ದರು. ಗೋದಾಮಿಗೆ ಬೆಂಕಿ ಬೀಳುವ ಅಪಾಯವನ್ನು ಲೆಕ್ಕ ಹಾಕಬಹುದು, ಅದಕ್ಕೆ ವಿಮೆ ಮಾಡಿಸಬಹುದು. ಆದರೆ ಇನ್ನೂ ಯಾರೂ ಕಂಡಿರದ ಸರಕನ್ನು ಜನ ಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ಯಾವ ಲೆಕ್ಕವೂ ಹೇಳಲಾರದು. ಲಾಭವೆಂಬುದು ಈ ಎರಡನೆಯ ಬಗೆಯ ಅನಿಶ್ಚಿತತೆಯನ್ನು ಹೊತ್ತದ್ದಕ್ಕೆ ದೊರೆಯುವ ಪ್ರತಿಫಲ ಎಂದು ಅವರು ವಾದಿಸಿದರು. ಸಂಬಳ, ಬಾಡಿಗೆ, ಬಡ್ಡಿ, ಸರಕಿನ ಬಾಕಿ ಎಲ್ಲವನ್ನೂ ತೀರಿಸಿದ ಮೇಲೆ ಏನಾದರೂ ಮಿಕ್ಕರೆ ಅದು ಉದ್ಯಮಿಗೆ; ಮಿಗದಿದ್ದರೆ ಕೈಯಿಂದ ಹಾಕಬೇಕು.

ಇದಕ್ಕೆ ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್‌ಲೀನ್ ಅವರ ಬದುಕಿಗಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಆಗೆಲ್ಲ ಬಂದರಿನಲ್ಲಿ ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಲಾರಿಯಿಂದ ಇಳಿಸಿ, ಮತ್ತೆ ಒಂದೊಂದಾಗಿ ಹಡಗಿನ ಹೊಟ್ಟೆಗೆ ತುಂಬಬೇಕಾಗಿತ್ತು. ಹಡಗು ಸಮುದ್ರದಲ್ಲಿರುವುದಕ್ಕಿಂತ ದಕ್ಕೆಯಲ್ಲಿ ಕಾಯುವುದೇ ದೊಡ್ಡ ಖರ್ಚಾಗುತ್ತಿತ್ತು. ಚೆನ್ನಾಗಿ ನಡೆಯುತ್ತಿದ್ದ ಲಾರಿ ಕಂಪನಿಯನ್ನು ಬಿಟ್ಟುಕೊಟ್ಟು, ಭಾರೀ ಸಾಲ ಮಾಡಿ, ಅವರು 1956ರ ಏಪ್ರಿಲ್ 26ರಂದು ಲಾರಿಯಿಂದ ಸರಕಿನ ಸಮೇತ ಇಡಿಯಾಗಿ ಎತ್ತಿ ಏರಿಸಬಹುದಾದ 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು (ಕಂಟೇನರ್‌ಗಳನ್ನು) ಹೊತ್ತ ಹಡಗನ್ನು ನ್ಯೂಯಾರ್ಕ್ ಮಗ್ಗುಲಿನ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳುಹಿಸಿದರು. ಟನ್ನಿಗೆ 5.83 ಡಾಲರ್ ತಗಲುತ್ತಿದ್ದ ತುಂಬುವ ಖರ್ಚು ಸುಮಾರು 16 ಸೆಂಟ್‌ಗಳಿಗೆ ಇಳಿಯಿತು. ಇಂದು ಜಗತ್ತಿನ ಸಿದ್ಧವಸ್ತುಗಳ ಕಡಲ ವ್ಯಾಪಾರ ಬಹುಮಟ್ಟಿಗೆ ಓಡಾಡುವುದು ಆ ಪೆಟ್ಟಿಗೆಯ ಮೇಲೆಯೇ. ಅವರು ಗಳಿಸಿದ ಹಣವನ್ನು ಕದ್ದದ್ದೆನ್ನಲು ನನಗೆ ಬಾಯಿ ಬಾರದು. ಅದೇ ಮೆಕ್‌ಲೀನ್ 1980ರ ದಶಕದಲ್ಲಿ ತೈಲದ ಬೆಲೆ ಏರುತ್ತಲೇ ಇರುತ್ತದೆಂದು ನಂಬಿ, ಕಡಿಮೆ ಇಂಧನ ಸುಡುವ 12 ಬೃಹತ್ ಹಡಗುಗಳನ್ನು ಕಟ್ಟಿಸಿದರು. ತೈಲದ ಬೆಲೆ ಕುಸಿಯಿತು, ನಿಧಾನವಾಗಿ ಸಾಗುವ ಆ ಹಡಗುಗಳು ಯಾರಿಗೂ ಬೇಡವಾದವು, 1986ರಲ್ಲಿ ಅವರ ಸಂಸ್ಥೆ ದಿವಾಳಿಯಾಯಿತು. ಗೆದ್ದಾಗ ಬಂದ ಲಾಭವೂ ಸೋತಾಗ ಹೋದ ಆಸ್ತಿಯೂ ಒಂದೇ ಕೈಯಲ್ಲಿದ್ದವು.

ಕತೆ ಅಲ್ಲಿಗೆ ಮುಗಿದಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು! ಮೂಟೆ ಹೊರುತ್ತಿದ್ದ ಸಾವಿರಾರು ಕೂಲಿಕಾರರ ಕೆಲಸವನ್ನೂ ಆ ಪೆಟ್ಟಿಗೆಯೇ ನುಂಗಿತು, ಅವರು ಯಾವ ಪಂದ್ಯವನ್ನೂ ಕಟ್ಟಿರಲಿಲ್ಲ. ಉದ್ಯಮಿಯೊಬ್ಬನೇ ಅಪಾಯ ಹೊರುತ್ತಾನೆ ಎನ್ನುವವರು ಇಲ್ಲಿ ಎಡವುತ್ತಾರೆ. ದುಡಿಯುವವನೂ ತನ್ನ ಹತ್ತಿಪ್ಪತ್ತು ವರ್ಷದ ಕಸುಬನ್ನು ಒಂದೇ ಕಡೆ ತೊಡಗಿಸಿರುತ್ತಾನೆ, ಷೇರುದಾರನ ಹಾಗೆ ಅದನ್ನು ಹತ್ತು ಕಡೆ ಹಂಚಿಡುವ ಅನುಕೂಲ ಅವನಿಗಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರ ಸಂಘ ಇದನ್ನು ಸ್ಪಷ್ಟವಾಗಿ ಅರಿತಿತ್ತು. 1960ರಲ್ಲಿ ಅದು ಮಾಲೀಕರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಯಂತ್ರಗಳಿಗೆ ದಾರಿ ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಮಾಲೀಕರ ಹಣದ ನಿಧಿಯಿಂದ ಕಾರ್ಮಿಕರಿಗೆ ನಿವೃತ್ತಿಯ ಸೌಲಭ್ಯವನ್ನೂ ಆದಾಯದ ಖಾತರಿಯನ್ನೂ ಪಡೆಯಿತು. ಲಾಭವೂ ಉಳಿಯಿತು, ಅದರ ಬೆಲೆಯ ಒಂದು ಭಾಗವನ್ನು ಲಾಭ ಪಡೆದವರೇ ತೆತ್ತರು.

ಇದಕ್ಕೆ ತದ್ವಿರುದ್ಧವಾದದ್ದು ಸೀಸ ಬೆರೆಸಿದ ಪೆಟ್ರೋಲಿನ ಚರಿತ್ರೆ. ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಬೆರೆಸಿದರೆ, ಇಂಧನ ಸರಿಯಾಗಿ ಉರಿಯದೆ ಎಂಜಿನ್ನಿನಲ್ಲಿ ಏಳುವ ಬಡಿತದ ಸದ್ದು ನಿಲ್ಲುತ್ತದೆಂದು 1921ರಲ್ಲಿ ಜನರಲ್ ಮೋಟರ್ಸ್‌ನ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಆಲ್ಕೋಹಾಲ್ ಬೆರೆಸಿದರೂ ಆ ಬಡಿತ ತಗ್ಗುತ್ತದೆಂಬುದು ಸಂಶೋಧಕರಿಗೆ ತಿಳಿದಿತ್ತು. ಆದರೆ ಆಲ್ಕೋಹಾಲನ್ನು ಪೇಟೆಂಟ್ ಮಾಡಿಕೊಳ್ಳುವಂತಿರಲಿಲ್ಲ. ಸೀಸ ವಿಷವೆಂಬುದು ಎಂದಿನಿಂದಲೋ ಗೊತ್ತಿದ್ದ ಸಂಗತಿ. 1924ರಲ್ಲಿ ನ್ಯೂಜೆರ್ಸಿಯ ತೈಲ ಶುದ್ಧೀಕರಣ ಘಟಕವೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಮತಿಭ್ರಮಣೆಗೊಂಡು ಸತ್ತರು. ಆದರೂ ಸರಕು 'ಈಥೈಲ್' ಎಂಬ, ಸೀಸದ ಸುಳಿವೇ ಇಲ್ಲದ ಹೆಸರಿನಲ್ಲಿ ಮಾರಾಟವಾಯಿತು. ರಸ್ತೆಯಲ್ಲಿ ಓಡುವ ಕಾರುಗಳಿಗೆ ಅದನ್ನು ತುಂಬಿಸುವುದು ಕೊನೆಯ ದೇಶವಾದ ಅಲ್ಜೀರಿಯಾದಲ್ಲಿ ನಿಂತದ್ದು 2021ರಲ್ಲಿ, ಅಂದರೆ ಸರಿಯಾಗಿ ನೂರು ವರ್ಷಗಳ ಬಳಿಕ. ಲಾಭ ಲೆಕ್ಕಪುಸ್ತಕ ಸೇರಿತು. ನಷ್ಟ ಮಕ್ಕಳ ರಕ್ತ ಸೇರಿತು. ಈ ಗಳಿಕೆಯನ್ನು ಮೆಕ್‌ಲೀನ್ ಗಳಿಕೆಯ ಪಕ್ಕದಲ್ಲಿಟ್ಟು ಎರಡನ್ನೂ 'ಉದ್ಯಮಶೀಲತೆಯ ಫಲ' ಎಂದು ಕರೆಯುವುದು ನನಗೆ ಅಕ್ಷಮ್ಯವಾಗಿ ಕಾಣುತ್ತದೆ.

2008ರ ಆರ್ಥಿಕ ಕುಸಿತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೋತ ಹಣಕಾಸು ಸಂಸ್ಥೆಗಳನ್ನು ಎತ್ತಿ ನಿಲ್ಲಿಸಲು ಅಮೆರಿಕದ ಸಂಸತ್ತು 70,000 ಕೋಟಿ ಡಾಲರ್‌ವರೆಗಿನ ಮೊತ್ತಕ್ಕೆ ಒಪ್ಪಿಗೆ ಕೊಟ್ಟಿತು. ಸಾರ್ವಜನಿಕರ ದುಡ್ಡಿನಿಂದ ಬದುಕುಳಿದ ಎಐಜಿ ಎಂಬ ವಿಮಾ ಸಂಸ್ಥೆ, ತನ್ನನ್ನು ಮುಳುಗಿಸಿದ ವಿಭಾಗದ ನೌಕರರಿಗೇ ಮರುವರ್ಷ ಸುಮಾರು 16.5 ಕೋಟಿ ಡಾಲರ್ ಬೋನಸ್ ಹಂಚಲು ಹೊರಟಿತು.

ಲಾಭ ಪಡೆದವನೇ ನಷ್ಟವನ್ನೂ ಹೊರಬೇಕೆಂಬ ಮಾತಿಗೆ ಮುಕ್ತ ಮಾರುಕಟ್ಟೆಯ ಬೆಂಬಲಿಗರು ನನಗಿಂತ ಮೊದಲೇ ದನಿಗೂಡಿಸಬೇಕಾಗಿತ್ತು. ಷೇರುದಾರನ ಹೊಣೆ ಅವನು ಹಾಕಿದ ಹಣಕ್ಕಷ್ಟೇ ಸೀಮಿತ ಎಂಬ ಇಂದಿನ ಕಂಪನಿ ಪದ್ಧತಿಯೂ ಕಾನೂನು ಕೊಟ್ಟ ರಿಯಾಯಿತಿಯೇ; ಬ್ರಿಟನ್ನಿನಲ್ಲಿ ಅದಕ್ಕೆ ಸಾಮಾನ್ಯ ಶಾಸನದ ರೂಪ ಬಂದದ್ದು 1855ರಲ್ಲಿ. ಹೊಸದಕ್ಕೆ ಕೈಹಾಕುವವರಿಗೆ ಧೈರ್ಯ ಬರಲೆಂದು ಸಮಾಜ ನಷ್ಟದ ಒಂದು ಪಾಲನ್ನು ತಾನೇ ಹೊರಲು ಒಪ್ಪಿತು, ಆ ಒಪ್ಪಿಗೆ ಸರಿಯೆಂದೇ ನಾನು ಭಾವಿಸುತ್ತೇನೆ. ಆದರೆ ಹೊರೆಯಲ್ಲಿ ಪಾಲುದಾರನಾದ ಸಮಾಜಕ್ಕೆ ಷರತ್ತು ಹಾಕುವ ಅಧಿಕಾರವೂ ಇದೆ. ವಿಷ ಬಿಟ್ಟವನು ಅದರ ಬೆಲೆ ತೆರಲಿ ಎನ್ನುವುದನ್ನಾಗಲಿ, ಸರ್ಕಾರದ ನೆರವು ಪಡೆದ ಸಂಸ್ಥೆಯ ಆಡಳಿತಗಾರರು ಬೋನಸ್ ಬಿಡಲಿ ಎನ್ನುವುದನ್ನಾಗಲಿ ಉದ್ಯಮದ್ವೇಷವೆಂದು ಜರೆಯುವುದು ಸಲ್ಲದು.

ನಿಮ್ಮ ಪತ್ರಿಕೆಗೆ ನನ್ನದೊಂದು ಬೇಡಿಕೆಯಿದೆ. ಕಂಪನಿಗಳ ಲಾಭದ ಅಂಕಿಗಳನ್ನು ಪ್ರಕಟಿಸುವಾಗ, ಆ ಅವಧಿಯಲ್ಲಿ ಅವು ಪಡೆದ ತೆರಿಗೆ ವಿನಾಯಿತಿ, ಬ್ಯಾಂಕುಗಳು ವಜಾ ಮಾಡಿದ ಅವುಗಳ ಸಾಲ, ಕೆಲಸದಿಂದ ತೆಗೆದವರ ಸಂಖ್ಯೆ ಹಾಗೂ ಕೊಡದೆ ಉಳಿಸಿಕೊಂಡ ಪರಿಹಾರದ ಮೊತ್ತವನ್ನೂ, ಲಭ್ಯವಿರುವ ಮಟ್ಟಿಗೆ, ಅದೇ ಸುದ್ದಿಯಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ