ಬಿಟ್ಟುಕೊಟ್ಟಿದ್ದು ಯಾರದ್ದು?

ಮಾನ್ಯ ಸಂಪಾದಕರೇ,

ಮಾತುಕತೆ ಮುಗಿಸಿ ಬಂದ ನಾಯಕರ ಸುದ್ದಿಗಳನ್ನು ನಾನು ತಪ್ಪದೇ ಓದುತ್ತೇನೆ. ಕೈ ಕುಲುಕಿದ ಫೋಟೊ ಇರುತ್ತದೆ. ‘ಸಂಧಾನ ಯಶಸ್ವಿ’ ಅಂತ ತಲೆಬರಹ ಇರುತ್ತದೆ. ಏನು ಸಿಕ್ಕಿತು ಅನ್ನುವುದೂ ಇರುತ್ತದೆ. ಏನು ಬಿಟ್ಟುಕೊಟ್ಟರು, ಅದು ಯಾರಿಗೆ ಸೇರಿದ್ದು ಅನ್ನುವುದು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ರಾಜಕಾರಣಿಗಳು ಚೌಕಾಸಿ ಮಾಡುವುದೇ ತಪ್ಪು ಅನ್ನುವವನಲ್ಲ ನಾನು. ಅವರನ್ನು ಆರಿಸಿ ಕಳಿಸುವುದೇ ಅದಕ್ಕೆ ಅಲ್ವಾ? ಒಂದಿಷ್ಟೂ ಬಗ್ಗದವರು ಭಾಷಣಕ್ಕೆ ಚೆಂದ, ಮಾತುಕತೆಗೆ ಆಗಿಬರುವುದಿಲ್ಲ. ತೊಡಕು ಇರುವುದು ಬೇರೆ ಕಡೆ. ಸಂತೆಯಲ್ಲಿ ಚೌಕಾಸಿ ಮಾಡುವವನು ತನ್ನ ಜೇಬಿನ ದುಡ್ಡು ಎಣಿಸಿ ಕೊಡುತ್ತಾನೆ. ರಾಜಕಾರಣಿ ಕೊಡುವುದು ಬೇರೆಯವರದ್ದು. ಒಬ್ಬರ ಜಮೀನು, ಇನ್ನೊಬ್ಬರ ಕೆಲಸ. ಹೆಸರು ಮಾತ್ರ ಅವರಿಗೆ.

ನಾನು ಕಾರ್ಖಾನೆಯಲ್ಲಿ ದುಡಿದವನು, ಅದೂ ಜಾಸ್ತಿ ರಾತ್ರಿ ಪಾಳಿಯಲ್ಲಿ. ಒಂದು ಸಲದ ವೇತನ ಒಪ್ಪಂದದಲ್ಲಿ ಮೂಲ ವೇತನ ಏರಿತು, ಸಂಘದ ನಾಯಕರಿಗೆ ಹಾರ ಬಿತ್ತು. ರಾತ್ರಿ ಪಾಳಿಯ ಭತ್ಯೆ ಕೈತಪ್ಪಿದ್ದು ನಮಗೆ ತಿಳಿದದ್ದು ನೋಟಿಸ್ ಬೋರ್ಡ್ ನೋಡಿದ ಮೇಲೆ. ನಮ್ಮ ಪರವಾಗಿ ಕೂತವರೆಲ್ಲ ಹಗಲು ಪಾಳಿಯವರು. ದುಡ್ಡು ತಿಂದಿದ್ದಾರೆ ಅಂತ ಕೆಲವರು ಕೂಗಾಡಿದರು. ನನಗೆ ಹಾಗನ್ನಿಸಲಿಲ್ಲ. ನೀವೂ ಏನಾದರೂ ಬಿಡಿ ಅಂತ ಆಡಳಿತದವರು ಕೇಳಿದಾಗ, ತಮಗೆ ನೋವಾಗದ್ದನ್ನು ಅವರು ಬಿಟ್ಟರು, ಅಷ್ಟೆ. ಲಂಚವಾದರೆ ಒಂದು ದಿನ ಸಿಕ್ಕಿಬೀಳುತ್ತದೆ. ಇದನ್ನು ಯಾವ ಕಾನೂನೂ ಹಿಡಿಯುವುದಿಲ್ಲ. ಆಮೇಲೆ ಸಂಘದೊಳಗೇ ಜಗಳ ಮಾಡಿ ಒಂದು ನಿಯಮ ತಂದೆವು. ಸಹಿ ಹಾಕುವ ಮೊದಲು ಕರಡನ್ನು ಎಲ್ಲ ಪಾಳಿಯವರ ಮುಂದೆ ಓದಬೇಕು.

ದೇಶಗಳ ಮಟ್ಟದಲ್ಲೂ ನಡೆಯುವುದು ಇದೇ. 1938ರ ಸೆಪ್ಟೆಂಬರಿನಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿಯ ನಾಯಕರು ಮ್ಯೂನಿಕ್‌ನಲ್ಲಿ ಸೇರಿ ಜೆಕೊಸ್ಲೊವಾಕಿಯಾದ ಗಡಿ ಪ್ರದೇಶವಾದ ಸುಡೆಟನ್‌ಲ್ಯಾಂಡನ್ನು ಹಿಟ್ಲರನ ಕೈಗಿಟ್ಟರು. ಜೆಕ್ ಪ್ರತಿನಿಧಿಗಳು ಅದೇ ಊರಿನಲ್ಲಿದ್ದರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲ ತೀರ್ಮಾನವಾದ ಮೇಲೆ ಕರೆದು ಹೇಳಿದರು. ವಾಪಸ್ ಬಂದ ಬ್ರಿಟನ್ ಪ್ರಧಾನಿ ಚೇಂಬರ್ಲೇನ್‌ಗೆ ಲಂಡನ್ನಿನ ಜನ ಜೈಕಾರ ಹಾಕಿದರು. ಮುಂದಿನ ಮಾರ್ಚ್ ಹೊತ್ತಿಗೆ ಜರ್ಮನ್ ಸೈನ್ಯ ಜೆಕ್ ರಾಜಧಾನಿ ಪ್ರಾಗ್‌ನಲ್ಲಿತ್ತು. ಚೇಂಬರ್ಲೇನ್ ಪುಕ್ಕಲು ಅಂತ ಬೈಯುವವರು ಬಹಳ ಮಂದಿ. ಯುದ್ಧ ಬೇಡ ಅಂದಿದ್ದಕ್ಕೆ ನಾನು ಬೈಯುವುದಿಲ್ಲ. ನೆಲ ಕಳೆದುಕೊಳ್ಳುವವರನ್ನು ಒಂದು ಮಾತೂ ಕೇಳಲಿಲ್ಲ, ನನ್ನ ತಕರಾರು ಅಲ್ಲಿ.

ವರ್ಷಗಟ್ಟಲೆ ಹಿಂಸಾಚಾರ ಕಂಡ ಉತ್ತರ ಐರ್ಲೆಂಡಿನಲ್ಲಿ 1998ರ ಏಪ್ರಿಲ್‌ನಲ್ಲಿ ಆದ ಶಾಂತಿ ಒಪ್ಪಂದದಲ್ಲೂ ನುಂಗಲಾಗದ ಅಂಶಗಳಿದ್ದವು. ಕದನ ವಿರಾಮ ಪಾಲಿಸುವ ಸಶಸ್ತ್ರ ಗುಂಪುಗಳ ಕೈದಿಗಳನ್ನು ಅವಧಿಗೆ ಮುಂಚೆಯೇ ಬಿಡುಗಡೆ ಮಾಡುವುದು ಅದರಲ್ಲೊಂದು. ಅಂದರೆ ಅಲ್ಲಿ ಚೌಕಾಸಿಗೆ ಬಿದ್ದದ್ದು ಸತ್ತವರ ಮನೆಯವರಿಗೆ ಸಿಗಬೇಕಿದ್ದ ನ್ಯಾಯ. ಆದರೆ ಒಪ್ಪಂದದ ಪ್ರತಿಯನ್ನು ಅಲ್ಲಿನ ಮನೆಮನೆಗೂ ಕಳಿಸಿದರು. ಮೇ 22ರಂದು ಜನಮತ ಕೇಳಿದರು. ಮತ ಹಾಕಿದವರಲ್ಲಿ ಶೇ 71ರಷ್ಟು ಮಂದಿ ಆಗಲಿ ಅಂದರು. ಮಗನನ್ನು ಕಳೆದುಕೊಂಡ ತಾಯಿಗೆ ಅದರಿಂದ ಸಮಾಧಾನ ಆಯಿತು ಅಂತ ನಾನು ಹೇಳಲಾರೆ. ಅವಳ ಪಾಲಿನದ್ದನ್ನು ಅವಳಿಗೆ ಹೇಳದೆ ಕೊಟ್ಟರು ಅಂತ ಮಾತ್ರ ಯಾರೂ ಹೇಳುವಂತಿಲ್ಲ.

ಎಲ್ಲವನ್ನೂ ಬಯಲಲ್ಲಿ ಮಾತಾಡಲು ಆಗುವುದಿಲ್ಲ ಅನ್ನುತ್ತಾರೆ. ನಿಜ. ಕ್ಯಾಮೆರಾ ಎದುರು ಯಾವ ನಾಯಕನೂ ಒಂದು ಹೆಜ್ಜೆ ಹಿಂದೆ ಸರಿಯುವುದಿಲ್ಲ, ಸುಮ್ನೆ ತನ್ನವರನ್ನು ಮೆಚ್ಚಿಸಲು ಗುಡುಗುತ್ತಾನೆ. ಮಾತುಕತೆಯ ಬಾಗಿಲು ಮುಚ್ಚಿರಲಿ. ಸಹಿಗೆ ಮೊದಲು ಕರಡು ಹೊರಗೆ ಬರಲಿ. 2018ರಲ್ಲಿ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಮೈತ್ರಿ ಸರ್ಕಾರದ ಒಪ್ಪಂದವನ್ನು ತನ್ನ ಸದಸ್ಯರ ಮತಕ್ಕೆ ಹಾಕಿತು. ಶೇ 66ರಷ್ಟು ಮಂದಿ ಒಪ್ಪಿದ ಮೇಲೆಯೇ ಸರ್ಕಾರ ಸೇರಿತು. ಕೇಳಿದ್ದು ಪಕ್ಷದವರನ್ನು ಮಾತ್ರ, ಮತ ಹಾಕಿದ ಎಲ್ಲರನ್ನೂ ಅಲ್ಲ, ಇರಲಿ. ಯಾರಿಗೆ ಯಾವ ಖಾತೆ ಅನ್ನುವುದಷ್ಟೇ ಸುದ್ದಿಯಾಗುವ ಮೈತ್ರಿಗಳಿಗಿಂತ ವಾಸಿ.

ನಿಮ್ಮಲ್ಲಿ ಒಂದು ಕೋರಿಕೆ. ಯಾವುದೇ ಒಪ್ಪಂದದ ವರದಿ ಹಾಕುವಾಗ ಫೋಟೊ ಸ್ವಲ್ಪ ಚಿಕ್ಕದು ಮಾಡಿ. ಉಳಿದ ಜಾಗದಲ್ಲಿ ಬಿಟ್ಟುಕೊಟ್ಟಿದ್ದು ಏನು, ಅದು ಯಾರದ್ದು, ಅವರ ಪರವಾಗಿ ಒಳಗೆ ಯಾರು ಕೂತಿದ್ದರು ಅನ್ನುವುದನ್ನು ಅಚ್ಚು ಮಾಡಿ. ಯಾರೂ ಕೂತಿರಲಿಲ್ಲ ಅಂದರೆ ಅದನ್ನೂ ಹಾಕಿ.

ಇಂತಿ,
ನಿಮ್ಮ ಓದುಗ, ನಿವೃತ್ತ ಕಾರ್ಖಾನೆ ನೌಕರ