ಸಸಿ ಸಾಕು, ಕಲಿಸೋರನ್ನ ಕೊಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಚಿಂಚೋಳಿ ತಾಲೂಕಿನ ತೊಗರಿ ರೈತ, ಏಳು ಎಕರೆ ಎರಿ (ಕರಿ ಮಣ್ಣಿನ) ಹೊಲ ಅದ. ನಾಕು ವರ್ಷದ ಹಿಂದ ಬದುವಿನ ಮ್ಯಾಲ ಅರವತ್ತು ಹೆಬ್ಬೇವು ಹಚ್ಚಿದ್ದೆ, ಹೋದ ವರ್ಷ ರೋಹಿಣಿ ಮಳಿ ಮುಂದಿನ ಗಾಳಿಗೆ ಒಂದೇ ರಾತ್ರಿ ಅದರಾಗ ಹದಿನಾಲ್ಕು ಗಿಡ ಬುಡ ಸಮೇತ ಉರುಳಿ ಬಿದ್ವು, ಮನಿ ಎತ್ತರ ಬೆಳೆದಿದ್ವು ರೀ. ಮುಂಜಾನಿ ಹೋಗಿ ನೋಡಿದ್ರ ಬೇರು ಹರವಿಕೊಂಡೇ ಇಲ್ಲ, ಸಸಿ ಇದ್ದಾಗ ಪಾಕೀಟಿನ್ಯಾಗ ಹ್ಯಾಂಗ ಸುತ್ತಿತ್ತೋ ಹಂಗೇ ಚಕ್ಕುಲಿ ಸುತ್ತಿದಂಗ ಸುತ್ತಿಕೊಂಡು ದಪ್ಪ ಆಗ್ಯಾವ, ಕರಿ ಪ್ಲಾಸ್ಟಿಕ್ ತುಂಡು ಒಂದೆರಡು ಬೇರಿನ ಸಂದ್ಯಾಗೇ ಹೂತು ಕುಂತಾವ. ತಪ್ಪು ನಂದೇ. ಪಾಕೀಟು ತಳದಾಗ ಒಂಚೂರು ಹರಿದು ಹಂಗೇ ಕುಣಿಗೆ ಇಳಿಸಿದ್ದೆ. ಬ್ಲೇಡ್ ತಗೊಂಡು ಪೂರಾ ಸೀಳಿ ಪ್ಲಾಸ್ಟಿಕ್ ತೆಗೀಬೇಕು, ತಳದಾಗ ಸುರುಳಿ ಸುತ್ತಿದ ಬೇರು ಇದ್ರ ಅರ್ಧ ಇಂಚು ಕತ್ತರಿಸಿ ಒಗೀಬೇಕು ಅಂತ ಗಿಡ ಬಿದ್ದ ಮ್ಯಾಲ ಗೊತ್ತಾತು. ಇದನ್ನ ಕಲಿಸಲಿಕ್ಕ ಇಪ್ಪತ್ತು ನಿಮಿಷ ಸಾಕು.

ಹಂಗಂತ ನಾನು ಗಿಡ ಹಚ್ಚೋ ಟ್ರೇನಿಂಗ್‌ಗೆ ಹೋಗಿಲ್ಲ ಅಂತಿಲ್ಲ. ಹೋಗೀನಿ. ಎಲ್ಲಿ ಅಂತ ಹೇಳೂದು ಬ್ಯಾಡ, ದೊಡ್ಡ ಹಾಲ್, ಫ್ಯಾನ್ ಇದ್ವು, ಪರದೆ ಮ್ಯಾಲ ಇಂಗ್ಲಿಷ್‌ನ್ಯಾಗ ಸ್ಲೈಡು ಓಡ್ಲಾಕತ್ತಿದ್ವು, ಕಾರ್ಬನ್ ಅಂದ್ರು, ಹವಾಮಾನ ಬದಲಾವಣೆ ಅಂದ್ರು, ಮಧ್ಯಾಹ್ನ ಊಟ ಛಲೋ ಇತ್ತು, ರಿಜಿಸ್ಟರ್‌ಗೆ ಸಹಿ ಹಾಕಿ ಫೋಟೋ ತೆಗಿಸಿಕೊಂಡು ಬಂದ್ವಿ. ಒಂದು ಸಸಿನೂ ಯಾರ ಕೈಯಾಗ ಇರಲಿಲ್ಲ. ಒಬ್ಬ ಹಿರಿಯ ರೈತ ಎದ್ದು ನಿಂತು "ನೆರಳಿಗೆ ತೊಗರಿ ಇಳುವರಿ ಎಷ್ಟು ಕಡಿಮಿ ಆಗ್ತದ್ರಿ ಸರ" ಅಂತ ಕೇಳಿದ್ರ ಅದು ಕೃಷಿ ಇಲಾಖೆಯವರನ್ನ ಕೇಳ್ರಿ ಅಂದ್ರು.

ಇಲ್ಲೇ ನೋಡ್ರಿ ಗಂಟು ಇರೋದು. ಅರಣ್ಯದವ್ರಿಗೆ ಗಿಡ ಗೊತ್ತು, ತೊಗರಿ ಗೊತ್ತಿಲ್ಲ. ಕೃಷಿಯವ್ರಿಗೆ ತೊಗರಿ ಗೊತ್ತು, ಬದುವಿನ ಗಿಡ ಅವರ ಲೆಕ್ಕಕ್ಕೇ ಇಲ್ಲ. ಅರಣ್ಯ ಕಾಲೇಜು ಅಂದ್ರ ಶಿರಸಿ, ಪೊನ್ನಂಪೇಟೆ, ಅಲ್ಲಿ ಮಳಿ ಎಷ್ಟು ನಮ್ಮಲ್ಲಿ ಮಳಿ ಎಷ್ಟು. ನಮ್ಮ ಭಾಗಕ್ಕ ರಾಯಚೂರು ಕೃಷಿ ವಿವಿ 2008ರಾಗ ಬಂತು, ಕಲಬುರಗಿಯಾಗ, ಭೀಮರಾಯನಗುಡಿಯಾಗ ಕೃಷಿ ಕಾಲೇಜು ಅವ, ಬೀದರ್‌ನ್ಯಾಗ ಪಶು ವಿವಿ ಅದ, ಈ ಜಿಲ್ಲಾಗಳಾಗ ಕೃಷಿ ವಿಜ್ಞಾನ ಕೇಂದ್ರ ಅವ. ಅಂದ್ರ ಕಟ್ಟಡ ಇಲ್ಲ ಅನ್ನಂಗಿಲ್ಲ. ಹೊಲ, ಗಿಡ, ದನ ಮೂರೂ ಕೂಡಿಸಿ ಕಲಿಸೋ ಮನುಷ್ಯಾ ಮಾತ್ರ ಹುಡುಕಿದ್ರೂ ಸಿಗಂಗಿಲ್ಲ.

ಕಾಗದದ ಮ್ಯಾಲ ನೋಡಿದ್ರ ನಾವು ಜಗತ್ತಿಗೇ ಮುಂದ ಇದ್ದೀವಿ. ಕೃಷಿ ಅರಣ್ಯಕ್ಕ, ಅಂದ್ರ ಹೊಲದಾಗ ಬೆಳಿ ಜೋಡಿ ಗಿಡ ಬೆಳೆಸೋದಕ್ಕ ಅಂತ ರಾಷ್ಟ್ರೀಯ ನೀತಿ ಮಾಡಿದ ಮೊದಲ ದೇಶ ನಮ್ದು, 2014ರಾಗ. ಝಾನ್ಸಿ ಒಳಗ ಇದಕ್ಕೇ ಅಂತ ಕೇಂದ್ರದ ಸಂಶೋಧನಾ ಸಂಸ್ಥೆ 1988ರಿಂದ ಅದ. ರಾಜ್ಯದ್ದು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಅದ, ಬದುಕಿದ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಕೂಡಿ 125 ರೂಪಾಯಿ. ಯೋಜನೆ ಛಲೋ ಅದ, ಸತ್ತ ಗಿಡಕ್ಕ ರೊಕ್ಕ ಇಲ್ಲ ಅನ್ನೋದು ಇನ್ನೂ ಛಲೋ. ಆದ್ರ ಬದುಕಿಸೋದು ಹ್ಯಾಂಗ ಅಂತ ಹೇಳಿಕೊಡೋರಿಗೆ ಎಷ್ಟು ರೊಕ್ಕ ಇಟ್ಟಾರ?

ಆಫ್ರಿಕಾದವ್ರು ಈ ತೊಂದ್ರಿಗೆ ಎಂದೋ ಕೈ ಹಾಕ್ಯಾರ. 1993ರಾಗ ನೈರೋಬಿಯ ಅಂತರರಾಷ್ಟ್ರೀಯ ಕೃಷಿ ಅರಣ್ಯ ಕೇಂದ್ರದವ್ರು ಅಲ್ಲಿನ ಕಾಲೇಜುಗಳನ್ನ ಕೂಡಿಸಿ ಅನಾಫೆ ಅಂತ ಒಂದು ಜಾಲ ಮಾಡಿದ್ರು, ಸ್ವೀಡನ್ ಸರ್ಕಾರ ರೊಕ್ಕ ಕೊಡ್ತು, ಮುಂದ ನೂರಕ್ಕೂ ಹೆಚ್ಚು ಕಾಲೇಜು ಸೇರಿದ್ವು. ಅವ್ರು ಹೊಸ ಕಟ್ಟಡ ಕಟ್ಟಲಿಕ್ಕ ಹೋಗಲಿಲ್ಲ, ಇದ್ದ ಕೃಷಿ ಕಾಲೇಜಿನ, ಅರಣ್ಯ ಕಾಲೇಜಿನ ಪಾಠದೊಳಗ ಇದನ್ನ ತಂದ್ರು, ಮೊದಲು ಮಾಸ್ತರಗಳಿಗೆ ಕಲಿಸಿದ್ರು, ಪಠ್ಯದಾಗ ಅಲ್ಲಿನ ಗಿಡ ಅಲ್ಲಿನ ಬೆಳಿ ಇರಬೇಕು ಅಂದ್ರು. ಕ್ಯಾಮರೂನ್‌ದಾಗ ಊರಿನ ಸಂಘಗಳೇ ಒಂದು ನರ್ಸರಿ, ಅದರ ಬಾಜೂಕ ಮಾದರಿ ಹೊಲ, ಅಲ್ಲೇ ತರಬೇತಿ ಹಿಂಗ ಕೇಂದ್ರ ನಡಸ್ತಾರ. ಕೀನ್ಯಾ ಕಡೆ ರೈತರೇ ರೈತರಿಗೆ ಮೇವಿನ ಗಿಡದ ಪಾಠ ಹೇಳ್ತಾರ.

ನೈಜರ್ ದೇಶದ್ದು ಇನ್ನೂ ಮಜಾ ಅದ. ಎಂಬತ್ತರ ದಶಕದಾಗ ಆಸ್ಟ್ರೇಲಿಯಾದ ಟೋನಿ ರಿನಾಡೋ ಅನ್ನೋರು ಸಸಿ ಹಚ್ಚಿ ಹಚ್ಚಿ ಸಾಕಾಗಿ ಒಂದಿನ ಗಾಡಿ ಟಯರಿನ ಗಾಳಿ ಕಡಿಮಿ ಮಾಡಲಿಕ್ಕ ಉಸುಕಿನ್ಯಾಗ ನಿಂತಾಗ ಪಕ್ಕದಾಗಿನ ಕಂಟಿ ನೋಡಿದ್ರಂತ, ಅದು ಕಂಟಿ ಆಗಿರಲಿಲ್ಲ, ಕಡಿದ ಗಿಡದ ಬುಡದಿಂದ ಎದ್ದ ಚಿಗುರು. ಆ ಚಿಗುರಿನ್ಯಾಗ ಛಲೋವು ಎರಡ್ಮೂರು ಇಟ್ಟು ಉಳಿದದ್ದು ಸವರಿ ಬಿಡ್ರಿ ಅಂತ ರೈತರಿಗೆ ಕಲಿಸಿದ್ರು, ಇಪ್ಪತ್ತು ವರ್ಷದಾಗ ಸುಮಾರು 50 ಲಕ್ಷ ಹೆಕ್ಟೇರ್ ಹೊಲದಾಗ ಗಿಡ ಎದ್ವು. ಇದನ್ನ ಓದಿ ನಾನು ನಮ್ಮ ಬದುವಿಗೆ ಹೋಗಿ ನೋಡಿದೆ. ಹಕ್ಕಿ ತಂದು ಒಗೆದ ಬೇವು, ಹಳೇ ಬನ್ನಿ ಬುಡ, ಜಾಲಿ, ಬಾರೆ, ಎಣಿಸಿದ್ರ ನಲವತ್ತರ ಮ್ಯಾಲ ಅವ. ವರ್ಷಾ ವರ್ಷಾ ಬದು ಸ್ವಚ್ಛ ಮಾಡೋಮುಂದ ನಾನೇ ಕುಡಗೋಲಿಲೆ ಕೊಯ್ದು ಒಗೀತಿದ್ದೆ, ಆಮ್ಯಾಲ ಗಾಡಿ ಮಾಡಿಕೊಂಡು ಸಸಿ ತರಲಿಕ್ಕ ಹೋಗ್ತಿದ್ದೆ!

ಇನ್ನೊಂದು, ನಮ್ಮಲ್ಲಿ ಟ್ರೇನಿಂಗ್ ಎಲ್ಲಾ ಜೂನ್ ಜುಲೈದಾಗ, ಸಸಿ ಹಂಚೋಮುಂದ. ಗಿಡ ಸಾಯೋದು ಯಾವಾಗ? ಜನವರಿಗೆ ತೊಗರಿ ರಾಶಿ ಆತಂದ್ರ ಹೊಲ ಬಯಲು, ಕುರಿ ಆಡು ದನ ಎಲ್ಲಾ ಬಿಡ್ತಾರ, ಯಾರ ಹೊಲದಾಗ ಯಾರ ಆಡು ಅಂತ ಕೇಳೋರಿಲ್ಲ. ಆಮ್ಯಾಲ ಬದುವಿನ ಹುಲ್ಲಿಗೆ ಬೆಂಕಿ ಹಚ್ಚೋ ಚಟ. ಏಪ್ರಿಲ್‌ಗೆ ಎರಿ ಭೂಮಿ ಕೈ ಹೋಗೋವಷ್ಟು ಬಿರಿತದ, ಬಿರುಕಿನ್ಯಾಗ ಸಣ್ಣ ಬೇರು ಹರೀತಾವ. ಉಳಿದದ್ದು ಟ್ರ್ಯಾಕ್ಟರ್, ಬದುವಿನ ಹತ್ರ ತಿರುವೋಮುಂದ ಗಿಡದ ಮ್ಯಾಲೇ ಹತ್ತಸ್ತಾರ. ನನಗ ಕೇಳಿದ್ರ ಮೊದಲು ಟ್ರ್ಯಾಕ್ಟರ್ ಡ್ರೈವರಗಳಿಗೆ, ಆಡು ಕಾಯೋರಿಗೆ ಟ್ರೇನಿಂಗ್ ಕೊಡ್ರಿ, ನಗ್ಬ್ಯಾಡ್ರಿ, ಖರೇನೇ ಹೇಳ್ಲಾಕತ್ತೀನಿ. ಪಹಣಿ ಇದ್ದೋರನ್ನಷ್ಟೇ ಕರೀತಾರ, ಹೊಲದಾಗ ದುಡಿಯೋ ಹೆಣ್ಣುಮಕ್ಕಳು ಮನ್ಯಾಗೇ ಉಳೀತಾರ, ಬ್ಯಾಸಗ್ಯಾಗ ಕೊಡ ಹೊತ್ತು ಸಸಿಗೆ ನೀರು ಹಾಕೋರು ಅವರೇ.

ಟೊಂಗಿ ಸವರೋದೂ ಅಷ್ಟೇ. ನಾವೆಲ್ಲಾ ಕೊಡಲಿ ತಗೊಂಡು ಮ್ಯಾಲಿಂದ ಒಂದು ಏಟು ಹಾಕ್ತೀವಿ, ಟೊಂಗಿ ಬೀಳೋಮುಂದ ಗಿಡದ ತೊಗಟಿ ಉದ್ದಕ ಸುಲ್ಕೊಂಡು ಬರ್ತದ, ಅಲ್ಲಿ ಹುಳ ಬೀಳ್ತದ, ಮುಂದ ಕಟ್ಟಿಗಿ ವ್ಯಾಪಾರಿ ಬಂದು ಇದು ಬರೇ ಉರುವಲಕ್ಕ ಆಗ್ತದ ನೋಡು ಅಂತಾನ. ಗರಗಸ ತಗೊಂಡು ಮೊದಲು ತೆಳಗಿಂದ ಸಣ್ಣ ಗೀರು ಕೊಯ್ದು ಆಮ್ಯಾಲ ಮ್ಯಾಲಿಂದ ಕೊಯ್ದ್ರ ತೊಗಟಿ ಸುಲಿಯಂಗಿಲ್ಲ. ಇದು ಸ್ಲೈಡ್ ನೋಡಿ ಬರೋ ವಿದ್ಯಾ ಅಲ್ಲ, ಒಬ್ಬರು ಮುಂದ ನಿಂತು ಕೊಯ್ದು ತೋರಿಸಿ, ನಮ್ಮ ಕೈಲೆ ಕೊಯ್ಯಿಸಿ, ತಪ್ಪಾದ್ರ ಬೈಬೇಕು.

ತೊಗರಿ ಒಂದನ್ನೇ ನಂಬಿದ್ರ ಏನಾಗ್ತದ ಅಂತ 2022ರಾಗ ಬೆಳಿ ನಿಂತಲ್ಲೇ ಒಣಗಿಸೋ ನೆಟೆ ರೋಗ ಬಂದಾಗ ಇಡೀ ಕಲಬುರಗಿ ಜಿಲ್ಲಾ ನೋಡ್ಯಾದ, ಅದನ್ನ ಮತ್ತ ಬರೆಯೋದು ಬ್ಯಾಡ. ಬದುವಿನ್ಯಾಗ ನಾಕು ಗಿಡ ಇದ್ರ ಮಗಳ ಮದುವಿಗೋ ಬೋರ್‌ವೆಲ್ಲಿಗೋ ಬರ್ತಾವ ಅನ್ನೋದು ನಮ್ಮ ಮಂದಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಂದು ಕೇಳೋದು ಇಷ್ಟೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಾ ಕೋಟಿಗಟ್ಟಲೆ ರೊಕ್ಕ ಬರ್ತದ, ಎಷ್ಟೋ ಊರಿನ್ಯಾಗ ಹೈಮಾಸ್ಟ್ ದೀಪ ಆತು, ಕಮಾನು ಆತು. ಅದರಾಗ ಒಂಚೂರು ತೆಗೆದು ಹೋಬಳಿಗೆ ಒಂದು ರೈತನ ಹೊಲ ಹಿಡೀರಿ, ಸರ್ಕಾರಿ ಜಾಗ ಹುಡುಕ್ಕೋತ ಕುಂದ್ರಬ್ಯಾಡ್ರಿ. ಆ ಹೊಲದವನಿಗೆ ಅಥವಾ ಅವನ ಮನಿ ಹೆಣ್ಣುಮಗಳಿಗೆ ತಿಂಗಳಾ ಗೌರವಧನ ಕೊಟ್ಟು ಕಲಿಸೋರನ್ನ ಮಾಡ್ರಿ, ವರ್ಷದಾಗ ನಾಕು ಸಲ, ಹಚ್ಚೋಮುಂದ, ರಾಶಿ ಆದ ಮ್ಯಾಲ, ಬ್ಯಾಸಗ್ಯಾಗ, ಸವರೋಮುಂದ ಅಲ್ಲೇ ಗಿಡದ ಬುಡಕ್ಕ ತರಬೇತಿ ಆಗ್ಲಿ. ಕೃಷಿ ಕಾಲೇಜಿನ ಹುಡುಗರು ಹಳ್ಳಿಗೆ ಬಂದು ಇರೋ ತಿಂಗಳುಗಳಲ್ಲಿ ಅವರನ್ನ ಈ ಹೊಲಕ್ಕ ಕಳಸ್ರಿ, ಅವರಿಗೂ ಕೈ ಹೊಲಸಾಗ್ಲಿ. ಪಠ್ಯ ನಮ್ಮ ಭಾಷಾದಾಗ ಇರ್ಲಿ, ಬೇವು ಬನ್ನಿ ಹುಣಸಿ ಸೀತಾಫಲ ಇರ್ಲಿ, ಸಿಲ್ವರ್ ಓಕ್ ಕೊಡಗಿನವ್ರಿಗೆ ಬಿಡ್ರಿ. ಮತ್ತ ಜೂನ್‌ದಾಗ ನೀವು ಪೇಪರಿನವ್ರೂ ಎಷ್ಟು ಸಸಿ ಹಂಚಿದ್ರು ಅಂತ ಹಾಕೋದ್ರ ಜೋಡಿ ಮೂರು ವರ್ಷದ ಹಿಂದ ಹಂಚಿದ್ದು ಎಷ್ಟು ನಿಂತಾವ ಅಂತ ಒಂದು ಸಾಲು ಹಾಕ್ರಿ, ಸಿಟ್ಟಾಗಬ್ಯಾಡ್ರಿ.

ಬಿದ್ದ ಹದಿನಾಲ್ಕರಾಗ ಒಂದು ಗಿಡದ ಬೇರಿನ ಗಡ್ಡಿ ತೊಳೆದು ದನದ ಕೊಟ್ಟಿಗ್ಯಾಗ ತೂಗು ಹಾಕೀನಿ, ಪಾಕೀಟಿನ ಆಕಾರ ಹಂಗೇ ಕಾಣಸ್ತದ. ಯಾರಾದ್ರೂ ಟ್ರೇನಿಂಗ್ ಮಾಡೋರಿದ್ರ ಒಯ್ಯಬಹುದು, ಆದ್ರ ಕೆಲಸ ಮುಗಿದ ಮ್ಯಾಲ ವಾಪಸ್ ಕೊಡಬೇಕು.

ಇಂತಿ,
ಒಬ್ಬ ತೊಗರಿ ರೈತ, ಚಿಂಚೋಳಿ ತಾಲೂಕು, ಕಲಬುರಗಿ ಜಿಲ್ಲೆ